ಮನೆಯೊಡೆಯರ ಪಕ್ಷ, ಮನೆಯಿಲ್ಲದ ಮಕ್ಕಳು

ಮನುಷ್ಯರಿಗೆ ಬರುವಂತೆ ರಾಜಕೀಯ ಪಕ್ಷಗಳಿಗೂ ಮುಪ್ಪು ಬರುವುದುಂಟು. ಮನುಷ್ಯನ ಮುಪ್ಪಿಗೆ ಮದ್ದಿಲ್ಲ. ಪಕ್ಷದ ಮುಪ್ಪಿಗೆ ಮದ್ದುಂಟು. ಹೊಸ ತಲೆಮಾರೊಂದು ಬಂದು ಸೇರಿದರೆ ಮುದಿ ಪಕ್ಷವೂ ಮರಳಿ ಯೌವನವನ್ನು ಪಡೆಯುತ್ತದೆ. ಬ್ರಿಟನ್ನಿನ ಕನ್ಸರ್ವೆಟಿವ್ ಪಕ್ಷವು ಸುಮಾರು ಎರಡು ಶತಮಾನಗಳ ಕಾಲ ಬಾಳಿ ಬಂದಿರುವುದು ಈ ಮದ್ದಿನ ಬಲದಿಂದಲೇ. ಆ ಮದ್ದು ಈಗ ಅದರ ಕೈಗೆ ದೊರೆಯದಾಗಿದೆ. ಪಕ್ಷದ ಇಂದಿನ ಸಂಕಟದ ಮೂಲವನ್ನು ಇಲ್ಲಿಯೇ ಹುಡುಕಬೇಕು.

2024ರ ಜುಲೈ 4ರಂದು ನಡೆದ ಮಹಾಚುನಾವಣೆಯಲ್ಲಿ ಆ ಪಕ್ಷಕ್ಕೆ ಆದುದು ಸಾಮಾನ್ಯ ಸೋಲಲ್ಲ. 2019ರಲ್ಲಿ 365 ಸ್ಥಾನಗಳನ್ನು ಗೆದ್ದಿದ್ದ ಪಕ್ಷವು 650 ಸದಸ್ಯರ ಕಾಮನ್ಸ್ ಸಭೆಯಲ್ಲಿ 121ಕ್ಕೆ ಇಳಿಯಿತು. ಅದರ ಸುದೀರ್ಘ ಇತಿಹಾಸದಲ್ಲಿ ಇಷ್ಟು ಕಡಿಮೆ ಸ್ಥಾನಗಳು ಹಿಂದೆಂದೂ ಬಂದಿರಲಿಲ್ಲ. ಇನ್ಫೋಸಿಸ್ ಸಂಸ್ಥಾಪಕ ನಾರಾಯಣಮೂರ್ತಿಯವರ ಅಳಿಯನೆಂದು ಕನ್ನಡಿಗರಿಗೂ ಪರಿಚಿತರಾದ ಪ್ರಧಾನಿ ರಿಷಿ ಸುನಾಕರು ತಮ್ಮ ಕ್ಷೇತ್ರವನ್ನು ಉಳಿಸಿಕೊಂಡರು, ಅಧಿಕಾರವನ್ನು ಉಳಿಸಿಕೊಳ್ಳಲಾಗಲಿಲ್ಲ. ಅವರಿಗಿಂತ ಮುಂಚೆ 49 ದಿನಗಳ ಮಟ್ಟಿಗೆ ಪ್ರಧಾನಿಯಾಗಿದ್ದ ಲಿಜ್ ಟ್ರಸ್ ಅವರು ತಮ್ಮ ಕ್ಷೇತ್ರದಲ್ಲಿಯೇ ಸೋತರು. ಡೇವಿಡ್ ಕ್ಯಾಮರನ್, ಥೆರೆಸಾ ಮೇ, ಬೋರಿಸ್ ಜಾನ್ಸನ್ ಈ ಮೂವರು ಹಿಂದೆ ಪ್ರತಿನಿಧಿಸಿದ್ದ ವಿಟ್ನಿ, ಮೇಡನ್‌ಹೆಡ್, ಹೆನ್ಲಿ ಪ್ರದೇಶಗಳೆಲ್ಲ ಲಿಬರಲ್ ಡೆಮೊಕ್ರಾಟರ ಪಾಲಾದುವು.

ಸೋತ ಮನೆಯಲ್ಲಿ ಮಾತು ಹೆಚ್ಚು. ಮುಂದಿನ ದಾರಿ ಯಾವುದೆಂಬ ಬಗ್ಗೆ ಪಕ್ಷದಲ್ಲಿ ಎರಡು ವಾದಗಳು ಎದ್ದಿವೆ. ಆ ಚುನಾವಣೆಯಲ್ಲಿ ನೈಜೆಲ್ ಫರಾಜರ ರಿಫಾರ್ಮ್ ಪಕ್ಷವು ಗೆದ್ದುದು ಕೇವಲ 5 ಸ್ಥಾನಗಳನ್ನಾದರೂ ಅದಕ್ಕೆ ಬಿದ್ದ ಮತಗಳು ಶೇಕಡ 14ಕ್ಕೂ ಹೆಚ್ಚು. ಆ ಮತಗಳನ್ನು ಮರಳಿ ಪಡೆಯಬೇಕಾದರೆ ವಲಸೆಯೇ ಮೊದಲಾದ ವಿಷಯಗಳಲ್ಲಿ ಇನ್ನಷ್ಟು ಬಲಕ್ಕೆ ಸರಿಯಬೇಕೆಂದು ಒಂದು ಗುಂಪಿನವರು ಹೇಳುತ್ತಾರೆ. ಹಾಗೆ ಸರಿದರೆ ವಿಟ್ನಿ, ಹೆನ್ಲಿಗಳಂತಹ ಸ್ಥಳಗಳ ಸೌಮ್ಯ ಮತದಾರರು ಎಂದಿಗೂ ಹಿಂದಿರುಗಲಾರರೆಂದು ಇನ್ನೊಂದು ಗುಂಪಿನವರು ಎಚ್ಚರಿಸುತ್ತಾರೆ. ಅತ್ತ ದರಿ, ಇತ್ತ ಪುಲಿ. 2025ರ ಮೇ ತಿಂಗಳ ಸ್ಥಳೀಯ ಚುನಾವಣೆಗಳಲ್ಲಿ ಪಕ್ಷವು ಆರುನೂರಕ್ಕೂ ಹೆಚ್ಚು ಸ್ಥಾನಗಳನ್ನು ಕಳೆದುಕೊಂಡಿತು. ತಲೆತಲಾಂತರದ ಕೋಟೆಯೆನಿಸಿದ್ದ ಕೆಂಟ್ ಪ್ರಾಂತದ ಆಡಳಿತವೂ ರಿಫಾರ್ಮ್ ಪಕ್ಷದ ಕೈಸೇರಿತು.

ಆದರೆ ಬಲಕ್ಕೋ ನಡುವಿಗೋ ಎಂಬ ಈ ಚರ್ಚೆಯಲ್ಲಿ ಮುಖ್ಯವಾದ ಪ್ರಶ್ನೆಯೊಂದು ಮರೆಯಾಗಿದೆ. ಕನ್ಸರ್ವೆಟಿವ್ ಎಂದರೆ ಇರುವುದನ್ನು ಕಾಪಾಡಿಕೊಳ್ಳುವವನು ಎಂದರ್ಥ. ಕಾಪಾಡಿಕೊಳ್ಳಲು ತನ್ನದೆಂಬುದು ಏನೂ ಇಲ್ಲದವನು ಆ ಪಕ್ಷಕ್ಕೆ ಏತಕ್ಕೆ ಮತ ನೀಡಬೇಕು?

ಹಿಂದಿನ ನಾಯಕರು ಈ ಸತ್ಯವನ್ನು ಚೆನ್ನಾಗಿ ಅರಿತಿದ್ದರು. ಸ್ವತ್ತುಳ್ಳವರ ಪ್ರಜಾಪ್ರಭುತ್ವ ಎಂಬ ಕಲ್ಪನೆಯನ್ನು 1923ರಲ್ಲಿಯೇ ನೋಯೆಲ್ ಸ್ಕೆಲ್ಟನ್ ಎಂಬ ಸದಸ್ಯರು ಮುಂದಿಟ್ಟರು. ಮಹಾಯುದ್ಧದ ತರುವಾಯ ಸೂರಿಲ್ಲದ ಸಂಸಾರಗಳ ಗೋಳು ಹೆಚ್ಚಿದ್ದಾಗ, 1950ರ ಪಕ್ಷದ ಅಧಿವೇಶನದಲ್ಲಿ ಪ್ರತಿನಿಧಿಗಳೇ ಪಟ್ಟುಹಿಡಿದು ವರ್ಷಕ್ಕೆ 3 ಲಕ್ಷ ಮನೆಗಳೆಂಬ ಗುರಿಯನ್ನು ನಾಯಕರು ಒಪ್ಪುವಂತೆ ಮಾಡಿದರು. ಮರುವರ್ಷ ಅಧಿಕಾರಕ್ಕೆ ಬಂದ ಚರ್ಚಿಲ್ಲರು ಆ ಹೊಣೆಯನ್ನು ಹೆರಾಲ್ಡ್ ಮ್ಯಾಕ್ಮಿಲನ್ನರಿಗೆ ಒಪ್ಪಿಸಿದರು. 1953ರಲ್ಲಿ ಗುರಿ ಕೈಗೂಡಿತು. ಆ ಮನೆಗಳಲ್ಲಿ ಬಹುಪಾಲು ಸ್ಥಳೀಯ ಸಂಸ್ಥೆಗಳು ಬಾಡಿಗೆಗೆಂದು ಕಟ್ಟಿದಂಥವು. ಅಂತಹ ಬಾಡಿಗೆದಾರರಿಗೆ ತಾವಿದ್ದ ಮನೆಯನ್ನೇ ರಿಯಾಯಿತಿ ಬೆಲೆಗೆ ಕೊಳ್ಳುವ ಹಕ್ಕನ್ನು 1980ರಲ್ಲಿ ಮಾರ್ಗರೆಟ್ ಥ್ಯಾಚರರ ಸರ್ಕಾರವು ನೀಡಿತು. ಹತ್ತು ವರ್ಷಗಳೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಮನೆಗಳು ಮಾರಾಟವಾದುವು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಬಲ್ಲ ನಮ್ಮ ನಾಡಿನವರಿಗೆ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ. ಸ್ವಂತ ಮನೆಯಾದೊಡನೆ ಮನುಷ್ಯನಿಗೆ ಊರಿನ ನೆಮ್ಮದಿ, ತೆರಿಗೆಯ ಭಾರ, ಬಡ್ಡಿಯ ದರ ಎಲ್ಲವೂ ತನ್ನ ಮನೆಯ ಮಾತೇ ಆಗುತ್ತವೆ. ಆತನ ಮತ ಎತ್ತ ಒಲಿಯುವುದೆಂಬುದನ್ನು ಥ್ಯಾಚರ್ ಬಲ್ಲವರಾಗಿದ್ದರು. ಆದರೆ ಮಾರಿದ ಮನೆಗಳ ಬದಲಿಗೆ ಅಷ್ಟೇ ಹೊಸ ಮನೆಗಳು ಏಳಲಿಲ್ಲ. ಅಂದು ಕೊಂಡವರಿಗೆ ಲಾಭವಾಯಿತು. ಅವರ ಮಕ್ಕಳಿಗೆ ಕೊಳ್ಳಲು ಮನೆಯಿಲ್ಲದಂತಾಯಿತು.

1997ರಲ್ಲಿ ಇಂಗ್ಲೆಂಡಿನ ಸಾಧಾರಣ ಮನೆಯೊಂದರ ಬೆಲೆ ಅಲ್ಲಿನ ಸಾಧಾರಣ ಉದ್ಯೋಗಿಯ ನಾಲ್ಕು ವರ್ಷಗಳ ಸಂಬಳಕ್ಕಿಂತ ಕಡಿಮೆಯಿತ್ತು. 2021ರಲ್ಲಿ ಅದು ಸುಮಾರು ಒಂಬತ್ತು ವರ್ಷಗಳ ಸಂಬಳಕ್ಕೇರಿತು. ಇದನ್ನು ಪಕ್ಷವು ಅರಿಯದೆ ಇರಲಿಲ್ಲ. 2019ರ ಪ್ರಣಾಳಿಕೆಯಲ್ಲಿ ಮ್ಯಾಕ್ಮಿಲನ್ನರ ಕಾಲದ ಅದೇ 3 ಲಕ್ಷ ಮನೆಗಳ ಗುರಿ ಮತ್ತೆ ಕಾಣಿಸಿಕೊಂಡಿತು. ಆದರೆ ಹೊಸ ಮನೆಗಳನ್ನು ಕಟ್ಟಬೇಕಾದ ಹಳ್ಳಿಗಾಡು, ಪಟ್ಟಣದಂಚುಗಳಲ್ಲಿ ವಾಸವಾಗಿದ್ದವರು ಪಕ್ಷದ ನಿಷ್ಠಾವಂತ ಮತದಾರರೇ. 2021ರ ಜೂನ್‌ನಲ್ಲಿ ಚೆಶಮ್ ಮತ್ತು ಅಮರ್ಶಮ್ ಕ್ಷೇತ್ರದ ಉಪಚುನಾವಣೆಯನ್ನು ಪಕ್ಷವು ಸೋತಾಗ, ಮನೆ ಕಟ್ಟುವ ನಿಯಮಗಳನ್ನು ಸಡಿಲಿಸುವ ಯೋಜನೆಯೇ ಅದಕ್ಕೆ ಒಂದು ಕಾರಣವೆಂಬ ಮಾತು ಎದ್ದಿತು, ಯೋಜನೆ ಮೂಲೆಗುಂಪಾಯಿತು. 2022ರ ಸೆಪ್ಟೆಂಬರಿನಲ್ಲಿ ಟ್ರಸ್ ಸರ್ಕಾರದ ಅವಸರದ ಆಯವ್ಯಯದಿಂದ ಗೃಹಸಾಲಗಳ ಬಡ್ಡಿ ಥಟ್ಟನೆ ಏರಿತು. ಅದೇ ಡಿಸೆಂಬರಿನಲ್ಲಿ ಸ್ವಪಕ್ಷದ ಸದಸ್ಯರು ಬಂಡಾಯವೆದ್ದುದರಿಂದ, ಸ್ಥಳೀಯ ಸಂಸ್ಥೆಗಳ ಮೇಲೆ ಕಡ್ಡಾಯವಾಗಿದ್ದ ಗುರಿಯು ಬರಿಯ ಸಲಹೆಯಾಗಿ ಮಾರ್ಪಟ್ಟಿತು. 1950ರಲ್ಲಿ ಸದಸ್ಯರು ನಾಯಕರ ಮೇಲೆ ಹೇರಿದ ಸಂಖ್ಯೆಯನ್ನು 2022ರಲ್ಲಿ ಸದಸ್ಯರೇ ಸಡಿಲಗೊಳಿಸಿದರು.

ಪರಿಣಾಮವು ಬೇಗನೆ ಗೋಚರವಾಯಿತು. ಯೂಗವ್ ಸಂಸ್ಥೆಯ ಸಮೀಕ್ಷೆಯ ಪ್ರಕಾರ, 2019ರಲ್ಲಿ 39 ವರ್ಷ ದಾಟಿದವರು ಲೇಬರ್ ಪಕ್ಷಕ್ಕಿಂತ ಕನ್ಸರ್ವೆಟಿವ್ ಪಕ್ಷದತ್ತ ಹೆಚ್ಚು ಒಲಿದಿದ್ದರು; 2024ರಲ್ಲಿ ಹಾಗೆ ಒಲಿಯುವ ವಯಸ್ಸು 63ಕ್ಕೆ ಏರಿತು. ಹಿಂದೆಲ್ಲ ಯೌವನದಲ್ಲಿ ವಿರೋಧಿಯಾಗಿದ್ದವನು ಮನೆಮಠ ಮಾಡಿಕೊಂಡ ಮೇಲೆ ಈ ಪಕ್ಷವನ್ನು ಸೇರುತ್ತಿದ್ದನು. ಮನೆಯೂ ಇಲ್ಲದೆ, ಮದುವೆಯನ್ನೂ ಮುಂದೂಡುತ್ತ, ಸಂಬಳದ ದೊಡ್ಡ ಪಾಲನ್ನು ಬಾಡಿಗೆಗೆ ಸುರಿಯುವವನಿಗೆ ಆ ಪರಿವರ್ತನೆಯ ಕಾಲವೇ ಬರುವುದಿಲ್ಲ.

2024ರ ನವೆಂಬರಿನಲ್ಲಿ ನಾಯಕಿಯಾಗಿ ಆಯ್ಕೆಯಾದ ಕೆಮಿ ಬೇಡನಾಕ್ ಅವರು 2025ರ ಅಕ್ಟೋಬರಿನ ಮ್ಯಾಂಚೆಸ್ಟರ್ ಅಧಿವೇಶನದಲ್ಲಿ ಹಲವು ಘೋಷಣೆಗಳನ್ನು ಮಾಡಿದರು. ಯೂರೋಪಿನ ಮಾನವ ಹಕ್ಕುಗಳ ಒಪ್ಪಂದದಿಂದ ಹೊರಬರುವುದು, 2008ರ ಹವಾಮಾನ ಕಾಯಿದೆಯನ್ನು ರದ್ದುಮಾಡುವುದು ಇವು ಫರಾಜರತ್ತ ಹೋದವರನ್ನು ಕರೆಯುವ ಕೂಗು. ವಾಸದ ಮನೆ ಕೊಳ್ಳುವವರ ಮೇಲಿನ ಮುದ್ರಾಂಕ ಶುಲ್ಕವನ್ನು ತೆಗೆದುಹಾಕುವ ವಾಗ್ದಾನ ಮಾತ್ರ ಬೇರೆ ಬಗೆಯದು. ಮೂಲಪ್ರಶ್ನೆಯ ಅರಿವು ಅದರಲ್ಲಿದೆ. ಆದರೂ ಮನೆಗಳ ಸಂಖ್ಯೆ ಹೆಚ್ಚದೆ ಶುಲ್ಕವೊಂದೇ ಇಳಿದರೆ, ಉಳಿದ ಹಣವು ಬೆಲೆಯೊಳಗೇ ಸೇರಿ ಮಾರುವವನ ಜೇಬಿಗೆ ಹೋದೀತೆಂಬ ಅನುಮಾನವು ಸಹಜ.

ಹಳೆಯ ಪಕ್ಷವೆಂದ ಮಾತ್ರಕ್ಕೆ ಸಾವಿಲ್ಲವೆಂದು ತಿಳಿಯಬಾರದು. 1906ರಲ್ಲಿ ಪ್ರಚಂಡ ಬಹುಮತದಿಂದ ಗೆದ್ದಿದ್ದ ಬ್ರಿಟನ್ನಿನ ಲಿಬರಲ್ ಪಕ್ಷವು 1924ರಲ್ಲಿ 40 ಸ್ಥಾನಗಳಿಗೆ ಇಳಿದು, ಮತ್ತೆ ಸ್ವಂತ ಬಲದಿಂದ ಆಳಲೇ ಇಲ್ಲ. ಕೆನಡಾದಲ್ಲಿ ಆಳುತ್ತಿದ್ದ ಪ್ರೊಗ್ರೆಸಿವ್ ಕನ್ಸರ್ವೆಟಿವ್ ಪಕ್ಷಕ್ಕೆ 1993ರಲ್ಲಿ ಉಳಿದುದು ಎರಡೇ ಸ್ಥಾನ. ಅಲ್ಲಿಯೂ ರಿಫಾರ್ಮ್ ಎಂಬ ಹೆಸರಿನ ಪಕ್ಷವೇ 52 ಸ್ಥಾನಗಳನ್ನು ಗೆದ್ದಿತು. ಕೊನೆಗೆ 2003ರಲ್ಲಿ ಹಳೆಯ ಪಕ್ಷವು ರಿಫಾರ್ಮಿನ ಉತ್ತರಾಧಿಕಾರಿಯೊಡನೆ ವಿಲೀನವಾಗಿ, 2006ರಲ್ಲಿ ಹೊಸ ರೂಪದಿಂದ ಅಧಿಕಾರಕ್ಕೆ ಬಂದಿತು.

ಬ್ರಿಟನ್ನಿನ ಪಕ್ಷಕ್ಕೂ ಅಂತಹ ವಿಲೀನವೇ ಗತಿಯೆಂದು ಹೇಳುವವರಿದ್ದಾರೆ. ಆದರೆ ಎರಡು ಪಕ್ಷಗಳ ಹಿರಿಯ ಮತದಾರರನ್ನು ಒಂದು ಚಾವಣಿಯಡಿ ಕೂಡಿಸಿದ ಮಾತ್ರಕ್ಕೆ ಕಿರಿಯರು ಬಂದಂತಾಗುವುದಿಲ್ಲ. ಅವರು ಬರಬೇಕಾದರೆ, ತಮ್ಮ ಹಿತ್ತಲಿನ ಬೇಲಿಯಾಚೆ ಇನ್ನೊಂದು ಮನೆ ಏಳಲಿ, ಅದರಲ್ಲಿ ಯಾರದೋ ಮಗಳು ಅಳಿಯ ಸಂಸಾರ ಹೂಡಲಿ ಎಂದು ಹಿರಿಯರು ಒಪ್ಪಬೇಕು. ಈ ಮಾತನ್ನು ತನ್ನ ಸ್ವಂತ ಮತದಾರರ ಮುಖಕ್ಕೆ ಹೇಳುವ ಧೈರ್ಯ ಪಕ್ಷಕ್ಕೆ ಬಂದರೆ ಅದರ ಮುಪ್ಪಿಗೆ ಮದ್ದು ದೊರೆತಂತೆ. ಬಾರದಿದ್ದರೆ, ಇಂದಿನ ಮತದಾರರೊಡನೆಯೇ ಅದರ ಕಾಲವೂ ಮುಗಿಯುವುದು.