ಎರಡು ನೆಟ್ ಜೋಡಿಸಿದರೆ ಸ್ಪೀಡ್ ಡಬಲ್ ಆಗುತ್ತದೆಯೇ?

"ಕಂಪ್ಯೂಟರಿಗೆ ಕೇಬಲ್ ಜೊತೆ ಮೊಬೈಲ್ ಹಾಟ್‌ಸ್ಪಾಟನ್ನೂ ಜೋಡಿಸಿ, ಸ್ಪೀಡ್ ಡಬಲ್ ಆಗುತ್ತೆ. ಒಂದು ಕೈಕೊಟ್ಟರೆ ಇನ್ನೊಂದು ತಾನಾಗಿಯೇ ಹಿಡಿಯುತ್ತೆ." ಇಂಥ ಸಲಹೆ ನಿಮ್ಮ ಫೋನಿಗೂ ಬಂದಿರಬಹುದು. ಇದರಲ್ಲಿ ಎಷ್ಟು ನಿಜ?

ಸವದತ್ತಿ, ರಾಮದುರ್ಗ, ಬೈಲಹೊಂಗಲ, ಕಿತ್ತೂರು ಭಾಗದ ಜನರಿಗೆ ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ಪಹಣಿ, ಬೆಳೆ ವಿಮೆ, ಜಾತಿ-ಆದಾಯ ಪ್ರಮಾಣಪತ್ರ ಎಲ್ಲಕ್ಕೂ ಈಗ ಕಂಪ್ಯೂಟರ್ ಬೇಕು. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಕೇಂದ್ರದ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿತು; ಇಂದು ಅದರ ಹೆಸರು ಭಾರತ್‌ನೆಟ್. ಆದರೆ ರಸ್ತೆ ಅಗೆದಾಗ ಫೈಬರ್ ಕಡಿಯುತ್ತದೆ, ಕರೆಂಟ್ ಹೋದರೆ ಉಪಕರಣ ನಿಲ್ಲುತ್ತದೆ. ಹಾಗಾಗಿ ಸೇವಾ ಕೇಂದ್ರದವರು ಹಾಟ್‌ಸ್ಪಾಟನ್ನೂ ಇಟ್ಟುಕೊಳ್ಳುತ್ತಾರೆ. ಆದರೂ ಪುಟ ತೆರೆಯದಿದ್ದರೆ ಸಿಗುವ ಉತ್ತರ ಒಂದೇ: "ಸರ್ವರ್ ಡೌನ್ ಐತ್ರಿ, ನಾಳಿ ಬರ್ರಿ." ಕೂಲಿ ಬಿಟ್ಟು ಬಂದವರ ಒಂದು ದಿನದ ದುಡಿಮೆ ಅಲ್ಲಿಗೆ ಹೋಯಿತು.

ಸರ್ವರ್ ನಿಜವಾಗಿಯೂ ದಣಿಯುವುದುಂಟು. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಇದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಎಷ್ಟೋ ಸಲ ತಪ್ಪು ಸರ್ವರಿನದಲ್ಲ, ಮೇಜಿನ ಮೇಲಿರುವ ಕಂಪ್ಯೂಟರ್ ಹಿಡಿದ ದಾರಿಯದು.

ಏನಿದು ದಾರಿ?

ಅಂಚೆ ಕಚೇರಿಯನ್ನು ನೆನೆಸಿಕೊಳ್ಳಿ. ಊರೊಳಗಿನ ಕಾಗದವನ್ನು ಪೋಸ್ಟ್‌ಮ್ಯಾನ್ ನೇರವಾಗಿ ಹಂಚುತ್ತಾರೆ. ಉಳಿದದ್ದೆಲ್ಲ, ಅದು ಮೈಸೂರಿಗಿರಲಿ ದೆಹಲಿಗಿರಲಿ, ಹೊರಗೆ ಹೋಗುವ ಚೀಲಕ್ಕೆ ಬೀಳುತ್ತದೆ. ಕಂಪ್ಯೂಟರೂ ಹೀಗೆಯೇ. ಪಕ್ಕದ ಪ್ರಿಂಟರಿಗೆ ಹೋಗುವ ಮಾಹಿತಿ ನೇರವಾಗಿ ಹೋಗುತ್ತದೆ. ಹೊರಗಿನ ಯಾವುದೇ ವಿಳಾಸದ್ದು ಒಂದೇ ಬಾಗಿಲಿಗೆ ಹೋಗುತ್ತದೆ. ಈ ಬಾಗಿಲನ್ನು 'ಗೇಟ್‌ವೇ' ಎಂದೂ, ಆ ದಾರಿಯನ್ನು 'ಡಿಫಾಲ್ಟ್ ರೌಟ್' ಎಂದೂ ಕರೆಯುತ್ತಾರೆ.

ಎರಡು ಸಂಪರ್ಕವಿದ್ದರೆ ಎರಡು ಚೀಲ. ಕಂಪ್ಯೂಟರ್ ಅರ್ಧರ್ಧ ಹಂಚುವುದಿಲ್ಲ. ಪ್ರತಿ ದಾರಿಗೂ 'ಮೆಟ್ರಿಕ್' ಎಂಬ ಒಂದು ಅಂಕಿ ಇರುತ್ತದೆ; ಅಂಕಿ ಕಡಿಮೆ ಇದ್ದ ದಾರಿಗೇ ಎಲ್ಲವನ್ನೂ ಕಳಿಸುತ್ತದೆ. ವಿಂಡೋಸ್ ಈ ಅಂಕಿಯನ್ನು ಸಂಪರ್ಕದ ವೇಗ ನೋಡಿ ತಾನೇ ಕೊಡುತ್ತದೆ. ಆದರೆ ಅದು ನೋಡುವುದು ಕಂಪ್ಯೂಟರಿನಿಂದ ರೌಟರಿನವರೆಗಿನ ವೇಗವನ್ನು ಮಾತ್ರ. ರೌಟರಿನ ಆಚೆ ಫೈಬರ್ ಕಡಿದಿದ್ದರೂ, ಕೋಣೆಯೊಳಗಿನ ಕೇಬಲ್ ಸರಿಯಿದ್ದರೆ ಅದೇ ಮೊದಲ ಸ್ಥಾನದಲ್ಲಿ ಉಳಿಯುತ್ತದೆ. ಹಾಟ್‌ಸ್ಪಾಟಿನಲ್ಲಿ ನೆಟ್ ಇದ್ದರೂ ಕಂಪ್ಯೂಟರ್ ಅತ್ತ ಹೊರಳದಿರಬಹುದು. ಆಂಡ್ರಾಯ್ಡ್ ಫೋನು ಈ ವಿಷಯದಲ್ಲಿ ಜಾಣ: ವೈಫೈನಲ್ಲಿ ಇಂಟರ್ನೆಟ್ ಇಲ್ಲವೆಂದು ಗೊತ್ತಾದರೆ ಸಾಮಾನ್ಯವಾಗಿ ಮೊಬೈಲ್ ಡೇಟಾಗೆ ಹೊರಳುತ್ತದೆ.

ಹಾಗಾದರೆ ಎರಡನ್ನೂ ಒಟ್ಟಿಗೆ ಬಳಸುವುದು ಸಾಧ್ಯವೇ ಇಲ್ಲವೇ? ಸಾಧ್ಯ, ಆದರೆ ಅದಕ್ಕೆ ಬೇರೆ ವ್ಯವಸ್ಥೆ ಬೇಕು. ಎರಡು ಲೈನ್‌ಗೆ ಕೆಲಸ ಹಂಚುವ ರೌಟರುಗಳಿವೆ. ಆಪಲ್ ಕಂಪನಿ 2013ರಿಂದಲೇ ತನ್ನ 'ಸಿರಿ' ಸೇವೆಗೆ ವೈಫೈ, ಮೊಬೈಲ್ ಡೇಟಾ ಎರಡನ್ನೂ ಬಳಸಬಲ್ಲ ತಂತ್ರವನ್ನು ಅಳವಡಿಸಿದೆ. ಬರೀ ಕೇಬಲ್ ಚುಚ್ಚಿ ಹಾಟ್‌ಸ್ಪಾಟ್ ಹಚ್ಚಿದರೆ ಇದಾಗುವುದಿಲ್ಲ.

ಸಮಸ್ಯೆ ಎಲ್ಲಿದೆ ಎಂದು ತಿಳಿಯುವುದು ಹೇಗೆ?

1. ಫೋನಿನಲ್ಲಿ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ಅದೇ ವೆಬ್‌ಸೈಟ್ ತೆರೆಯಿರಿ. ಅಲ್ಲಿ ತೆರೆದರೆ ಸರ್ವರ್ ನಡೆಯುತ್ತಿದೆ ಎಂದರ್ಥ.

2. ಕಂಪ್ಯೂಟರಿನ ಕೇಬಲ್ ತೆಗೆದು ಹಾಟ್‌ಸ್ಪಾಟ್ ಮಾತ್ರ ಬಿಟ್ಟು ನೋಡಿ. ಕೆಲಸ ನಡೆದರೆ ದಾರಿಯದೇ ತೊಡಕು. ತುರ್ತಿಗೆ ಇಷ್ಟೇ ಸಾಕು.

3. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ರೌಟ್ ಪ್ರಿಂಟ್' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. 0.0.0.0 ಎಂದು ಶುರುವಾಗುವ ಸಾಲು ಎರಡಿದ್ದರೆ ಡಿಫಾಲ್ಟ್ ದಾರಿಯೂ ಎರಡು. ಕೊನೆಯ ಕಾಲಮ್ಮಿನ ಅಂಕಿ ಯಾವುದರಲ್ಲಿ ಕಡಿಮೆಯೋ ಕಂಪ್ಯೂಟರ್ ಅದನ್ನೇ ಹಿಡಿದಿದೆ.

4. ದಾರಿ ಬದಲಿಸಲು ಆ ಸಂಪರ್ಕದ ಪ್ರಾಪರ್ಟೀಸ್‌ನಲ್ಲಿ ಐಪಿ ವರ್ಷನ್ 4, ಅಲ್ಲಿ ಅಡ್ವಾನ್ಸ್ಡ್ ತೆರೆಯಿರಿ. 'ಆಟೋಮ್ಯಾಟಿಕ್ ಮೆಟ್ರಿಕ್' ಗುರುತು ತೆಗೆದು, ಮೊದಲು ಬೇಕಾದ ಸಂಪರ್ಕಕ್ಕೆ 10, ಇನ್ನೊಂದಕ್ಕೆ 50 ಕೊಡಿ. ಐಪಿ ವರ್ಷನ್ 6 ಬಳಕೆಯಲ್ಲಿದ್ದರೆ ಅಲ್ಲಿಯೂ ಹೀಗೆಯೇ ಮಾಡಿ.

5. ಕೇಬಲ್ ಪ್ರಿಂಟರಿಗೋ ಸಿಸಿಟಿವಿಗೋ ಮಾತ್ರ ಹೋಗಿದ್ದು, ಅದರ ವಿಳಾಸವನ್ನು ಕೈಯಾರೆ ತುಂಬಿದ್ದರೆ, 'ಡಿಫಾಲ್ಟ್ ಗೇಟ್‌ವೇ' ಜಾಗ ಖಾಲಿ ಬಿಡಿ. ಇಲ್ಲದಿದ್ದರೆ ಹೊರಗಿನ ಮಾಹಿತಿಯೆಲ್ಲ ಹೊರಬಾಗಿಲೇ ಇಲ್ಲದ ಕೋಣೆಗೆ ಹೋಗಿ ಸಿಕ್ಕಿಬೀಳಬಹುದು.

ಒಂದು ಎಚ್ಚರಿಕೆ: ಅರ್ಥ ಗೊತ್ತಿಲ್ಲದ ಕಮಾಂಡನ್ನು ಫಾರ್ವರ್ಡ್ ನೋಡಿ ಹಾಕಬೇಡಿ. ಇದೇ 'ರೌಟ್' ಪದದ ಮುಂದೆ ಅಡ್ಡಗೆರೆ ಹಾಕಿ 'ಎಫ್' ಸೇರಿಸಿದರೆ ಹೊರದಾರಿಗಳ ಪಟ್ಟಿಯೇ ಅಳಿಸಿಹೋಗಿ, ಇದ್ದ ನೆಟ್ ಕೂಡ ಕಡಿಯುತ್ತದೆ. ಕಚೇರಿಯ ಕಂಪ್ಯೂಟರಾದರೆ ಅದನ್ನು ನೋಡಿಕೊಳ್ಳುವವರನ್ನು ಕೇಳಿಯೇ ಬದಲಿಸಿ.

ಒಟ್ಟಿನಲ್ಲಿ, ಎರಡನೇ ನೆಟ್ ಇದ್ದರೆ ಆಪತ್ತಿಗೆ ಒದಗುತ್ತದೆ, ಆದರೆ ವೇಗ ದುಪ್ಪಟ್ಟಾಗುವುದಿಲ್ಲ. ಮುಂದಿನ ಸಲ "ಸರ್ವರ್ ಡೌನ್" ಎಂದು ಕೇಳಿದಾಗ, ಮನೆಗೆ ಮರಳುವ ಮೊದಲು ಒಮ್ಮೆ ನಿಮ್ಮ ಫೋನಿನ ಡೇಟಾದಲ್ಲಿ ಅದೇ ಪುಟ ತೆರೆದು ತೋರಿಸಿ. ಅರ್ಜಿ ಅವತ್ತೇ ಹೋದರೂ ಹೋದೀತು.