ಹಳೆಯ ಮೋಟಾರುಗಳ ಸುತ್ತ ಹಳೆಯ ಊರನ್ನು ಕಟ್ಟಬೇಕೇ?

ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಬಹುಕಾಲದಿಂದ ಕೂಡಿಸಿಕೊಂಡು ಬಂದ ಪುರಾತನ ವಾಹನಗಳಿಗಾಗಿ ಶ್ರೀರಂಗಪಟ್ಟಣದ ಸಮೀಪದಲ್ಲಿ ‘ಪಯಣ’ವೆಂಬ ಸಂಗ್ರಹಾಲಯವು 2023ರಲ್ಲಿ ತೆರೆದ ಮೇಲೆ, ಕನ್ನಡನಾಡಿನ ಉತ್ತರದ ತುದಿಯಾದ ಬೀದರಿನಲ್ಲಿಯೂ ಅಂಥದೊಂದು ಏಕಿರಬಾರದೆಂದು ಬಯಸುವವರಿದ್ದರೆ ಆ ಬಯಕೆ ಅಸಹಜವೇನಲ್ಲ. ಅಂಥದೊಂದು ಸಂಗ್ರಹಶಾಲೆ ಏರ್ಪಡುವುದಾದರೆ ಅದರ ಒಳಾಂಗಣದ ವಿಷಯದಲ್ಲಿ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ ಇದು: ವಾಹನಗಳ ಸುತ್ತ ಅವುಗಳ ಕಾಲದ ಬೀದಿ, ಅಂಗಡಿ, ದೀಪಸ್ತಂಭಗಳನ್ನು ಮರುಸೃಷ್ಟಿಸಿ ದೃಶ್ಯವನ್ನು ಕಟ್ಟತಕ್ಕದ್ದೋ, ಅಥವಾ ಬರಿಯ ನೆಲ, ಗೋಡೆ, ಬೆಳಕುಗಳ ನಡುವೆ ವಾಹನವನ್ನು ಅದರ ಪಾಡಿಗೆ ನಿಲ್ಲಿಸತಕ್ಕದ್ದೋ?

ಪರ

ಮೋಟಾರು ನಿಂತಲ್ಲಿ ನಿಂತು ನೋಡಿಸಿಕೊಳ್ಳಲೆಂದು ನಿರ್ಮಿತವಾದ ವಸ್ತುವಲ್ಲ. ಶಿಲ್ಪವಾದರೋ ನಿಶ್ಚಲವಾಗಿದ್ದೇ ತನ್ನ ಅರ್ಥವನ್ನು ಬಿಟ್ಟುಕೊಡಬಲ್ಲುದು; ವಾಹನಕ್ಕೆ ದಾರಿ ಬೇಕು, ದಾರಿಗೆ ಊರು ಬೇಕು, ಊರಿಗೆ ಜನ ಬೇಕು. ಇವುಗಳಿಂದ ಬೇರ್ಪಡಿಸಿ ನುಣುಪಾದ ನೆಲದ ಮೇಲೆ ಸಾಲಾಗಿ ನಿಲ್ಲಿಸಿದ ಮೋಟಾರುಗಳು, ಬಲ್ಲವರ ಕಣ್ಣಿಗೆ ಎಷ್ಟೇ ರಸವತ್ತಾಗಿದ್ದರೂ, ಯಂತ್ರಶಾಸ್ತ್ರದ ಪರಿಚಯವಿಲ್ಲದ ಸಾಮಾನ್ಯ ಪ್ರೇಕ್ಷಕನಿಗೆ ಮಾರಾಟದ ಮಳಿಗೆಯೊಂದರ ಸರಕಿನಂತೆಯೇ ಕಾಣುತ್ತವೆ.

1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಈ ಸೀಮೆಯಲ್ಲಿ ಮೋಟಾರಿನ ಚರಿತ್ರೆಗೆ ತನ್ನದೇ ಒಂದು ಬಗೆಯಿದೆ. 1932ರಲ್ಲಿ ನಿಜಾಮ ಸರ್ಕಾರವು ತನ್ನ ರೈಲ್ವೆಯ ಜೊತೆಗೆ 27 ಬಸ್ಸುಗಳಿಂದ ರಸ್ತೆ ಸಾರಿಗೆಯನ್ನು ಆರಂಭಿಸಿತು. ಆ ಕಾಲದ ಆಲ್ಬಿಯನ್ ಬಸ್ಸೊಂದನ್ನು ಹೈದರಾಬಾದಿನಲ್ಲಿ ಇಂದಿಗೂ ಕಾಪಾಡಿಕೊಂಡಿದ್ದಾರೆ. ಅಂಥ ಬಸ್ಸೊಂದು ಬೀದರಿನ ಶಾಲೆಗೆ ಬಂದು ನಿಂತಿತೆನ್ನಿ. ಅದರ ಹಿಂದೆ ಊರ ನಡುವಿನ ಚೌಬಾರದ ಗೋಪುರ, ಮಗ್ಗುಲಲ್ಲಿ ಉರ್ದು ಫಲಕದ ಅಂಗಡಿ, ಗಂಟುಮೂಟೆಗಳೊಡನೆ ಭಾಲ್ಕಿಯ ಸಂತೆಗೆ ಹೊರಟ ಜನ, ದೇವಣಿ ತಳಿಯ ಎತ್ತಿನ ಬಂಡಿಯೊಂದು: ಇಷ್ಟಿದ್ದರೆ ಔರಾದದಿಂದ ಬಂದ ರೈತನಿಗೂ ಅವನ ಮೊಮ್ಮಗಳಿಗೂ ಯಾರೂ ವಿವರಿಸಬೇಕಾಗಿಲ್ಲ, ಬಂಡಿಯ ಕಾಲ ಮುಗಿಯದಿರುವಾಗಲೇ ಬಸ್ಸಿನ ಕಾಲ ಹೇಗೆ ಕಾಲಿರಿಸಿತೆಂಬುದು ಒಂದು ನೋಟದಲ್ಲಿ ಅವರ ಮನಸ್ಸಿಗೆ ಇಳಿಯುತ್ತದೆ.

ಇದು ಹೊಸ ಮಾತಲ್ಲ. ಇಟಲಿಯ ಟ್ಯೂರಿನ್ ನಗರದ ರಾಷ್ಟ್ರೀಯ ಮೋಟಾರು ಸಂಗ್ರಹಾಲಯವನ್ನು 2011ರಲ್ಲಿ ಮತ್ತೆ ತೆರೆದಾಗ ಫ್ರಾನ್ಸ್ವಾ ಕಾನ್ಫಿನೊ ಎಂಬ ದೃಶ್ಯವಿನ್ಯಾಸಕಾರನು ಒಳಾಂಗಣವನ್ನೆಲ್ಲ ನಾಟಕದ ಅಂಕಗಳಂತೆ ಕಟ್ಟಿದನು. ಫ್ರಾನ್ಸಿನ ಮುಲೂಸ್‌ನಲ್ಲಿ ಷ್ಲುಂಪ್ಫ್ ಸಹೋದರರು ಉಣ್ಣೆಯ ಗಿರಣಿಯೊಂದರೊಳಗೆ ಪ್ಯಾರಿಸಿನ ಸೇತುವೆಯೊಂದರ ದೀಪಸ್ತಂಭಗಳ ಮಾದರಿಯವನ್ನು ನೂರಾರು ಸಂಖ್ಯೆಯಲ್ಲಿ ನೆಟ್ಟು, ವಿಶಾಲವಾದ ಶಾಲೆಯನ್ನೇ ಬೀದಿಯಾಗಿ ಮಾರ್ಪಡಿಸಿದರು. ನಮ್ಮಲ್ಲಿ ಈ ಕೆಲಸಕ್ಕೆ ಬೇಕಾದ ಕೈಗಳು ಊರಲ್ಲಿಯೇ ಇವೆ. ಸತು-ತಾಮ್ರಗಳ ಎರಕದಲ್ಲಿ ಬೆಳ್ಳಿಯನ್ನು ಹುದುಗಿಸಿ, ಕೋಟೆಯ ಮಣ್ಣನ್ನು ನವಸಾಗರದೊಡನೆ ಬೆರೆಸಿ ಕಪ್ಪೇರಿಸುವ ಬಿದ್ರಿಯ ಕುಶಲಿಗಳು ಇಂಥ ಶಾಲೆಯ ಫಲಕಗಳನ್ನೂ ಬಾಗಿಲ ಹಿಡಿಗಳನ್ನೂ ಮಾಡಿಕೊಟ್ಟರೆ, ಮತ್ತಾವ ಊರಿಗೂ ದೊರಕದ ಒಳಾಂಗಣವು ಬೀದರಿಗೆ ದೊರಕೀತು.

ವಿರೋಧ

ಪರಪಕ್ಷದವರ ಕಳಕಳಿಯನ್ನು ನಾನು ಲಘುವಾಗಿ ಕಾಣುವವನಲ್ಲ. ಔರಾದದ ರೈತನ ಮೊಮ್ಮಗಳು ಸಂಗ್ರಹಶಾಲೆಯಿಂದ ಬರಿಗೈಯಲ್ಲಿ ಹಿಂದಿರುಗಬಾರದೆಂಬುದು ನನ್ನ ಆಶಯವೂ ಹೌದು. ಆದರೆ ಅವರು ಸೂಚಿಸಿದ ಉಪಾಯವು ಇನ್ನಾವ ಊರಿಗೆ ಒಪ್ಪಿದರೂ ಬೀದರಿಗೆ ಒಪ್ಪುವುದಿಲ್ಲ. ನಿಜವಾದ ಚೌಬಾರವು ನಗರದ ನಡುವೆ ಇಂದಿಗೂ ನಿಂತಿರುವಾಗ, ಶಾಲೆಯೊಳಗೆ ಸುಣ್ಣ-ಹಲಗೆಗಳ ಚೌಬಾರವೇಕೆ? ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂಡಿಸಿದ ರಂಗೀನ ಮಹಲು, 1472ರಲ್ಲಿ ಕಟ್ಟಿದ ಮಹಮೂದ್ ಗವಾನನ ಮದರಸದ ಮೇಲೆ ಉಳಿದಿರುವ ಬಣ್ಣದ ಬಿಲ್ಲೆಗಳು, ಇವುಗಳನ್ನು ಕಂಡು ಬಂದ ಕಣ್ಣಿಗೆ ಅನುಕರಣೆಯ ಗೋಡೆಯು ಒಂದು ಕ್ಷಣವೂ ಸತ್ಯವೆಂದು ತೋರದು. ಪಕ್ಕದಲ್ಲಿರುವ ನಿಜವಾದ ಬಸ್ಸಿನ ಮೇಲೆಯೂ ಆ ಅಪನಂಬಿಕೆ ಹರಡುತ್ತದೆ. ಕೋಟೆಯೊಳಗಿನ ಸಂಗ್ರಹಾಲಯವನ್ನು ನೋಡಿದವರು ಬಲ್ಲರು: ಅದು ಅರಸರ ಹಳೆಯ ಸ್ನಾನಗೃಹದಲ್ಲಿದೆ, ಅಲ್ಲಿ ಗೋಡೆಯೇ ಪ್ರಾಚೀನ, ಯಾವ ವೇಷವೂ ಬೇಕಿಲ್ಲ.

ಎರಡನೆಯದಾಗಿ, ವಾಹನವೆಂಬುದು ಲೋಹದ ಗಟ್ಟಿ ವಸ್ತುವೆಂದು ನಾವು ತಿಳಿಯುವುದರಲ್ಲಿಯೇ ದೋಷವಿದೆ. ಅದರ ಆಸನದ ಚರ್ಮ, ಮೇಲ್ಹೊದಿಕೆಯ ಬಟ್ಟೆ, ಟೈರಿನ ರಬ್ಬರು, ಮರದ ಚೌಕಟ್ಟು, ಹಳೆಯ ಮೆರುಗು, ಇವೆಲ್ಲ ಬೆಳಕಿಗೂ ಆರ್ದ್ರತೆಯ ಏರಿಳಿತಕ್ಕೂ ಬಹುಬೇಗ ಸೋಲುವಂಥವು. ಬಣ್ಣದ ಬಟ್ಟೆಗೂ ಚರ್ಮಕ್ಕೂ ಸುಮಾರು 50 ಲಕ್ಸ್ ಬೆಳಕು ಸಾಕೆಂದು ಸಂಗ್ರಹಾಲಯಗಳಲ್ಲಿ ರೂಢಿಯಾಗಿರುವಾಗ, ನಾಟಕದ ರಂಗದೀಪಗಳನ್ನು ಅವುಗಳ ಮೇಲೆ ಹಗಲೆಲ್ಲ ಹರಿಯಬಿಡುವುದು ಕಾಪಾಡುವವನ ಕೆಲಸವಲ್ಲ. ಬೇಸಿಗೆಯಲ್ಲಿ ಸುಡುವ, ಮಳೆಗಾಲದಲ್ಲಿ ತೇವ ಹಿಡಿಯುವ ಈ ಊರಿನಲ್ಲಿ ಒಳಾಂಗಣದ ಹಣವು ಮೊದಲು ದಪ್ಪ ಗೋಡೆಗೆ, ಉತ್ತರದ ನೆರಳು ಬೆಳಕಿಗೆ, ಧೂಳೇಳದ ನೆಲಕ್ಕೆ ಸಲ್ಲಬೇಕು. ಇಲ್ಲಿಯ ಜಂಬಿಟ್ಟಿಗೆಯ ಕಲ್ಲು ಗೋಡೆಗೆ ಒಳ್ಳೆಯದು, ನೆಲಕ್ಕಲ್ಲ. ರಂಧ್ರಮಯವಾದ ಅದು ಜಿನುಗಿದ ಎಣ್ಣೆಯನ್ನು ಕುಡಿದು ಕರೆಗಟ್ಟುತ್ತದೆ. ಬಹುದಿನ ನಿಂತ ಗಾಡಿಯ ಟೈರು ಅದುಮಿಕೊಂಡು ವಿಕಾರಗೊಳ್ಳದಂತೆ ಅಚ್ಚಿನ ಕೆಳಗೆ ಆಧಾರ ಕೊಡಬೇಕು; ಬ್ಯಾಟರಿ ತೆಗೆದು, ಇಂಧನ ಬರಿದುಮಾಡಿರಬೇಕು; ಮೇಸ್ತ್ರಿಯು ಸುತ್ತಲೂ ತಿರುಗಾಡಿ, ಅಗತ್ಯವಾದರೆ ಗಾಡಿಯನ್ನು ಹೊರಕ್ಕೆ ತಳ್ಳಿಕೊಂಡು ಹೋಗುವಷ್ಟು ಎಡೆಯಿರಬೇಕು. ಕಟ್ಟಿದ ಬೀದಿಯ ನಡುವೆ ಸಿಕ್ಕಿಸಿದ ಗಾಡಿಗೆ ಈ ಆರೈಕೆ ದೊರೆಯುವುದಿಲ್ಲ.

ಮೂರನೆಯ ಮಾತೇ ನನಗೆ ಮುಖ್ಯವಾದುದು. ದೃಶ್ಯವನ್ನು ಕಟ್ಟುವವನು ಸುಂದರವಾದುದನ್ನು ಆರಿಸುತ್ತಾನೆ. ಅದು ಅವನ ವೃತ್ತಿಯ ಧರ್ಮ. ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ನಿಂತಿರುವ ಹಳದಿಯ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್, ಹಿಂದೆ ಸಿಂಹಾಸನದಂಥ ಎತ್ತರದ ಆಸನವುಳ್ಳ ಆ ಗಾಡಿ, ಯಾವ ದೃಶ್ಯದ ನೆರವೂ ಇಲ್ಲದೆ ತಾನು ಯಾರ ಮುಂದೆ ಯಾರು ತಲೆಬಾಗಿದ ಕಾಲದ್ದೆಂಬುದನ್ನು ಹೇಳಿಬಿಡುತ್ತದೆ. ಅದರ ಸುತ್ತ ನಗುಮುಖದ ಪ್ರಜೆಗಳ ಗೊಂಬೆಗಳನ್ನಿಟ್ಟರೆ, ಹಳ್ಳಿಗಳಲ್ಲಿ ವೆಟ್ಟಿಯ, ಎಂದರೆ ಕೂಲಿಯಿಲ್ಲದ, ದುಡಿಮೆ ನಡೆಯುತ್ತಿದ್ದ ರಾಜ್ಯದ ಚರಿತ್ರೆಯು ಜಾತ್ರೆಯ ಚಿತ್ರವಾದೀತು. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದುವಿನ ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರ ನಾಡಿನಲ್ಲಿ, ಅಂಗಡಿಯ ಉರ್ದು ಫಲಕವು ಬರಿಯ ಅಲಂಕಾರವಾಗಿ ನಿಲ್ಲಲಾರದು.

ಹಾಗಾದರೆ ಸಾಮಾನ್ಯ ಪ್ರೇಕ್ಷಕನ ಗತಿಯೇನು? ಅವನ ಮುಂದೆ ನಿಜವಾದ ವಸ್ತುಗಳನ್ನೇ ಇಡೋಣ. ಗಾಡಿಯ ಬಾನೆಟ್ಟನ್ನು ತೆರೆದಿಟ್ಟು ಇಂಜಿನ್ನು ಕಾಣುವಂತೆ ಮಾಡಿದರೆ, ಮಕ್ಕಳ ಎತ್ತರಕ್ಕೆ ಸರಿಯಾಗಿ ತಳಭಾಗವನ್ನು ತೋರುವ ಕನ್ನಡಿಯನ್ನಿಟ್ಟರೆ, ಕನ್ನಡ, ಉರ್ದು, ಮರಾಠಿಗಳಲ್ಲಿ ದಪ್ಪಕ್ಷರದ ಸಣ್ಣ ವಿವರಣೆ ಬರೆದರೆ ಸಾಕು. ಬಿದ್ರಿಯ ಫಲಕಗಳ ವಿಷಯದಲ್ಲಿ ಪರಪಕ್ಷದೊಡನೆ ನನಗೆ ತಕರಾರಿಲ್ಲ. ಅವು ಅನುಕರಣೆಯಲ್ಲ, ಊರಿನ ಜೀವಂತ ಕಸುಬು. ಅರಸರ ಮೋಟಾರುಗಳ ಸರಿಸಮನಾಗಿ ಒಂದು ಜೀಪು, ಒಂದು ಲಾರಿ, ಒಂದು ಬಂಡಿ ನಿಲ್ಲಲಿ. ಭಾಲ್ಕಿಗೆ ರೈಲು ಬಂದಿತು, ಔರಾದ ಪಟ್ಟಣಕ್ಕೆ ಇಂದಿಗೂ ಬಂದಿಲ್ಲ. ಬೀದರಿನ ಕೆಂಪು ದಿಣ್ಣೆಯಿಂದಿಳಿದು ಮಾಂಜ್ರಾ ನದಿಯನ್ನು ದಾಟಿ ಎರೆಭೂಮಿಯ ಕೆಸರಿನಲ್ಲಿ ಅಲ್ಲಿಗೆ ಜನರನ್ನು ಮುಟ್ಟಿಸಿದ ಗಾಡಿಗಳಿಗೆ ಈ ಶಾಲೆಯ ಮೊದಲ ಕೋಣೆ ಮೀಸಲಾಗತಕ್ಕದ್ದು.

ಇಂಥ ಕಾರ್ಯಕ್ಕೆ ಮುಂದಾಗುವವರಲ್ಲಿ ನನ್ನ ಪ್ರಾರ್ಥನೆಯಿಷ್ಟೆ: ದೃಶ್ಯವಿನ್ಯಾಸಕಾರನನ್ನು ಕರೆಯುವುದಕ್ಕೆ ಮೊದಲು ಭಾಲ್ಕಿ-ಔರಾದಗಳ ಹಳೆಯ ಚಾಲಕರ, ಮೇಸ್ತ್ರಿಗಳ, ಕಂಡಕ್ಟರುಗಳ ಮನೆಗಳಿಗೆ ಹೋಗಿ, ಅವರಲ್ಲಿ ಉಳಿದಿರುವ ಪಾನಾ, ಟಿಕೇಟು, ಲೈಸೆನ್ಸು, ಭಾವಚಿತ್ರಗಳನ್ನೂ ಅವರ ಬಾಯಿಮಾತನ್ನೂ ಕೂಡಲೇ ಸಂಗ್ರಹಿಸಿರಿ, ಅವರೆಲ್ಲ ಈಗ ಇಳಿವಯಸ್ಸಿನವರು.