ಶಾಲು ಆಮೇಲೆ ಹೊದಿಸಿ, ಮೊದಲು ಅರ್ಜಿಯ ಫೀ ಕಟ್ಟಿ

ನೆಹರು ಗಂಜ್‌ನಲ್ಲಿ ಒಂದು ಚೀಲ ತೊಗರಿ ಇಳಿಸಿದರೂ ನಮ್ಮ ರೈತರು ತೂಕ ನೋಡುತ್ತಾರೆ, ಚೀಟಿ ಕೇಳುತ್ತಾರೆ. ಅದೇ ನಾವು, ಕಮಲಾಪುರದ ಕಡೆ ಯಾವನೋ ವೆಲ್ಡಿಂಗ್ ಹುಡುಗ ತಲೆ ಓಡಿಸಿ ಹೊಸ ಕೂರಿಗೆಯನ್ನೋ, ತೊಗರಿ ಕುಡಿ ಚಿವುಟುವ ಯಂತ್ರವನ್ನೋ ಮಾಡಿದರೆ, "ಕಂಪನಿಯವರಿಗೆ ತೋರ್ಸು, ಹೆಸರು ಬರ್ತದ" ಅನ್ನುತ್ತೇವೆ. ಕಾಗದವಿಲ್ಲ, ಸಹಿಯಿಲ್ಲ.

ಹೆಸರು ಬಂದರೆ ಏನು ಬರುತ್ತದೆ? ಬಂದೂಕು ಮಾಡಿದವರನ್ನು ಕೇಳಬೇಕು. ಬಂದೂಕಿನ ಮೇಲೆ ನಮಗೇನೂ ಪ್ರೀತಿಯಿಲ್ಲ. ಆದರೆ ತಲೆ ಓಡಿಸಿದವನಿಗೂ ಕಾರ್ಖಾನೆಗೂ ನಡೆಯುವ ಜಗ್ಗಾಟ ಅಲ್ಲಿ ಕಣ್ಣಿಗೆ ಹೊಡೆದಂತೆ ಕಾಣುತ್ತದೆ.

ಎಕೆ-47 ಮಾಡಿದ ಕಲಾಶ್ನಿಕೋವ್‌ಗೆ ಬಂದಷ್ಟು ಹೆಸರು ಇನ್ಯಾರಿಗೆ ಬಂದೀತು? ಕೋಟಿಗಟ್ಟಲೆ ಬಂದೂಕು ತಯಾರಾದವು. ಅವನಿಗೆ ಪದಕಗಳು ಸಿಕ್ಕವು, ಬಂದೂಕಿಗೆ ಇಷ್ಟು ಎಂಬ ರಾಯಲ್ಟಿ ಸಿಗಲಿಲ್ಲ. ಕೊನೆಗೆ ಹೆಸರು ವೋಡ್ಕಾ ಬಾಟಲಿಯ ಮೇಲೂ ಕುಳಿತಿತು.

ನಮ್ಮ ನಾಡಿನವರಿಗೆ ಹೆಸರೂ ಇಲ್ಲ. ಹೈದರ್, ಟಿಪ್ಪು ಕಾಲದ ಕುಶಲಿಗರು ಕಬ್ಬಿಣದ ಕೊಳವೆಗೆ ಮದ್ದು ತುಂಬಿ ರಾಕೆಟ್ ಮಾಡಿದರು. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಒಂದು ಹಳೇ ಬಾವಿಯಿಂದ ಅಂಥವು ಸಾವಿರಕ್ಕೂ ಹೆಚ್ಚು ಸಿಕ್ಕವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಅವನ್ನು ನೋಡಿ ಸುಧಾರಿಸಿದ, ಜಗತ್ತು ಅದನ್ನು ಕಾಂಗ್ರೀವ್ ರಾಕೆಟ್ ಅಂದಿತು. ತಿಮಿಂಗಿಲ ಬೇಟೆಗೆ ರಾಕೆಟ್ ಬಳಸಲು 1821ರಲ್ಲಿ ಪೇಟೆಂಟನ್ನೂ ಪಡೆದ. ಅವನೂ ದುಡಿದ, ಇಲ್ಲವೆನ್ನುವುದಿಲ್ಲ. ಆದರೆ ಕೊಳವೆ ಬಡಿದ ನಮ್ಮ ಕಮ್ಮಾರರು ಯಾರು?

ಲೆಕ್ಕ ಬಲ್ಲವನೆಂದರೆ ಅಮೆರಿಕದ ಜಾನ್ ಬ್ರೌನಿಂಗ್. ಸಣ್ಣ ಊರಿನ ಬಂದೂಕು ರಿಪೇರಿಯವನ ಮಗ. 1879ರಲ್ಲೇ ಪೇಟೆಂಟ್ ಮಾಡಿಸಿದ್ದ. 1883ರಲ್ಲಿ ವಿಂಚೆಸ್ಟರ್ ಕಂಪನಿಯವರು ಅವನ ಊರಿಗೇ ಬಂದು 8,000 ಡಾಲರ್ ಕೊಟ್ಟು ಆ ರೈಫಲ್ ಕೊಂಡರು. ಮುಂದೆಯೂ ವರ್ಷಗಟ್ಟಲೆ ಇಡಿಗಂಟು ಕೊಟ್ಟು ವಿನ್ಯಾಸ ಕೊಳ್ಳುತ್ತಲೇ ಹೋದರು. ಮೋಜು ಕೇಳಿ: ಕೊಂಡ ಎಷ್ಟೋ ವಿನ್ಯಾಸಗಳನ್ನು ತಯಾರಿಸಲೇ ಇಲ್ಲ. ಬೇರೆ ಕಂಪನಿಯ ಕೈಗೆ ಹೋಗದಿದ್ದರೆ ಸಾಕಿತ್ತು. ತಾನೇ ಗುಂಡು ತುಂಬಿಕೊಳ್ಳುವ ಶಾಟ್‌ಗನ್ ಮಾಡಿದಾಗ ಬ್ರೌನಿಂಗ್ ಪಟ್ಟು ಹಿಡಿದ: ಇಡಿಗಂಟು ಬೇಡ, ಮಾರಿದ ಒಂದೊಂದು ಬಂದೂಕಿಗೂ ಪಾಲು ಕೊಡಿ. ಕಂಪನಿ ಒಪ್ಪಲಿಲ್ಲ. 1902ರಲ್ಲಿ ಬಂದೂಕು ಎತ್ತಿಕೊಂಡು ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಗೆ ಹೋದ. ಪೇಟೆಂಟ್ ಕೈಯಲ್ಲಿದ್ದವನು ಎದ್ದು ಹೋಗಬಲ್ಲ. ನಮ್ಮ ಹುಡುಗ ಎಲ್ಲಿಗೆ ಹೋಗಬೇಕು?

"ಪೇಟೆಂಟ್ ದೊಡ್ಡವರ ಕೆಲಸ" ಅನ್ನುವವರಿಗೆ ಒಂದು ಮಾತು. ಒಬ್ಬ ವ್ಯಕ್ತಿ ಆನ್‌ಲೈನ್‌ನಲ್ಲಿ ತಾತ್ಕಾಲಿಕ ಅರ್ಜಿ ಹಾಕಲು ಫೀ 1,600 ರೂಪಾಯಿ. ಪೂರ್ಣ ವಿವರ ಕೊಡಲು 12 ತಿಂಗಳು ಸಮಯವಿದೆ. ಪೇಟೆಂಟ್ ಸಿಕ್ಕರೆ ಅರ್ಜಿಯ ದಿನದಿಂದ 20 ವರ್ಷ ಹಕ್ಕು. ಪರೀಕ್ಷೆಯ ಫೀ, ವಕೀಲರ ಖರ್ಚು ಬೇರೆ, ಅದೇನೂ ಕಡಿಮೆಯಲ್ಲ. ಆದರೆ ಅರ್ಜಿಗೂ ಮೊದಲೇ ಮೇಳದಲ್ಲಿಟ್ಟು, ವಿಡಿಯೊ ಮಾಡಿ ಹರಿಬಿಟ್ಟರೆ "ಇದು ಹೊಸದಲ್ಲ" ಎಂದು ಅರ್ಜಿಯೇ ಬಿದ್ದುಹೋಗಬಹುದು. ನಮ್ಮಂಥ ವರದಿಗಾರರೂ ಕ್ಯಾಮೆರಾ ಹಿಡಿಯುವ ಮೊದಲು "ಅರ್ಜಿ ಹಾಕೀಯೇನಪ್ಪ?" ಅಂತ ಕೇಳಬೇಕು.

ಸನ್ಮಾನ ಸಮಿತಿಯವರೇ, ಮುಂದಿನ ಸಲ ಶಾಲು, ಹಾರ, ಫಲಕ, ಬ್ಯಾನರ್‌ಗೆ ತೆಗೆದಿಟ್ಟ ಹಣದಲ್ಲಿ ಆ 1,600 ರೂಪಾಯಿ ಮೊದಲು ಕಟ್ಟಿ. ರಸೀದಿಯನ್ನು ವೇದಿಕೆಯ ಮೇಲೇ ಅವನ ಕೈಗೆ ಕೊಡಿ.